ಹಾಲಿನ ಬೂತ್ ಅಣ್ಣನಿಗೆ, ಮತ್ತೆ ನಿಮಗೆಲ್ಲ

ಇಥಿಯೋಪಿಯಾದ ಅರ್ಬಾ ಮಿಂಚ್‌ನಿಂದ ಗಂಟುಮೂಟೆ ಕಟ್ಟಿಕೊಂಡು ನಮ್ಮ ಶ್ರೀನಗರ ಬಡಾವಣೆಯ ಮನೆಗೆ ಬಂದು ಹತ್ತು ದಿನ ಆಯಿತು. 2017ರ ಅಕ್ಟೋಬರ್‌ನಲ್ಲಿ ಹೋದಾಗ, ನಮಗಿಂತ ಏಳೆಂಟು ವರ್ಷ ಹಿಂದೆ ನಡೆಯುವ ಅಲ್ಲಿಯವರ ಪಂಚಾಂಗದಲ್ಲಿ 2010. ಈಗ 2019ರಲ್ಲಿ ಬರುವಾಗ ಅಲ್ಲಿನ್ನೂ 2011. ಅಂತೂ ಎರಡು ವರ್ಷದ ಪಾಠ ಮುಗಿಯಿತು.

ಹೋಗುವ ಮುಂಚೆ ತುಂಬ ಜನ ಕೇಳಿದ್ದಿರಿ, ಅಲ್ಲೇನು ಕೆಲಸ ಅಂತ. 1986ರಲ್ಲಿ ನೀರಿನ ತಂತ್ರಜ್ಞಾನ ಕಲಿಸುವ ಸಂಸ್ಥೆಯಾಗಿ ಶುರುವಾಗಿ 2004ರಲ್ಲಿ ವಿಶ್ವವಿದ್ಯಾಲಯವಾದ ಜಾಗ ಅದು. ಊರಿನ ಹೆಸರಿನ ಅರ್ಥವೇ ನಲವತ್ತು ಬುಗ್ಗೆ. ನಾನು ಎಂಎಸ್ಸಿಯವರಿಗೆ ನೀರಾವರಿ ಪಾಠ ಮಾಡಿದೆ, ಥೀಸಿಸ್ ನೋಡಿದೆ. ಆದರೆ ನನಗೆ ಹೆಚ್ಚು ಅನ್ನಿಸಿದ ಕೆಲಸ ಬೇರೆ. ಅಲ್ಲಿ ಡಿಗ್ರಿ ಮುಗಿಸಿ ಒಂದೆರಡು ವರ್ಷಕ್ಕೇ ಪಾಠ ಮಾಡಲು ನಿಂತ ಹುಡುಗ ಹುಡುಗಿಯರಿದ್ದಾರೆ. ಅವರ ಜೊತೆ ಕೂತು ಸಿಲಬಸ್ ತಿದ್ದುವುದು, ಲ್ಯಾಬ್‌ನಲ್ಲಿ ಧೂಳು ಹಿಡಿದಿದ್ದ ಯಂತ್ರಗಳನ್ನು ಅವರ ಕೈಯಿಂದಲೇ ಬಿಚ್ಚಿಸಿ ಜೋಡಿಸುವುದು. ನಾವು ಹೊರಗಿನಿಂದ ಬಂದವರು, ಇವತ್ತಲ್ಲ ನಾಳೆ ಹೊರಡುವವರು. ಅವರು ಅಲ್ಲೇ ಇರುವವರು, ಅಲ್ವಾ?

ಡಿಪಾರ್ಟ್‌ಮೆಂಟಿನ ಗೆಳೆಯರಿಗೆ, ಬುಧವಾರ ಶುಕ್ರವಾರ ತಮ್ಮ ಉಪವಾಸದ ಊಟದಲ್ಲಿ ನನಗೂ ಇಂಜೆರಾ (ಅಲ್ಲಿನ ಹುಳಿ ದೋಸೆ), ಶಿರೋ (ಕಡಲೆ ಹಿಟ್ಟಿನ ಗೊಜ್ಜು) ಎತ್ತಿಡುತ್ತಿದ್ದ ಕ್ಯಾಂಟೀನಿನ ಅಕ್ಕನಿಗೆ, ಇಲ್ಲಿ ಬ್ಯಾಂಕ್ ಕೆಲಸ ನೋಡಿಕೊಂಡ ಚಿಕ್ಕಪ್ಪನಿಗೆ, ಅಮ್ಮನ ಮಾತ್ರೆ ತಂದುಕೊಟ್ಟ ಎದುರುಮನೆ ಆಂಟಿಗೆ, ರಜೆ ಕೊಟ್ಟು ಕಳಿಸಿದ ನನ್ನ ಕಾಲೇಜಿಗೆ ಥ್ಯಾಂಕ್ಸ್.

ಇನ್ನು ಬೂತ್ ಅಣ್ಣ.

ಜೂನ್‌ನಲ್ಲಿ ಅಮ್ಮನಿಗೆ ಏನಾಯಿತು ಅಂತ ನಿಮಗೆಲ್ಲ ಗೊತ್ತು, ಮತ್ತೆ ಬರೆಯಲ್ಲ. ಆ ರಾತ್ರಿಯ ಬಗ್ಗೆ ಮಾತ್ರ ಬರೆಯಬೇಕು. ದಿನಾ ಸಂಜೆ ಏಳಕ್ಕೆ ಮೊಸರಿನ ಪ್ಯಾಕೆಟ್ ತರಲು ಹೋಗುವ ಅಮ್ಮ ಅವತ್ತು ಹೋಗಲಿಲ್ಲ. ಅದನ್ನು ಗಮನಿಸಿದ್ದು ಬೂತ್ ಅಣ್ಣ ಒಬ್ಬರೇ. ಬೂತ್ ಮುಚ್ಚಿ, ಮೆಟ್ಟಿಲು ಹತ್ತಿ ಬಂದು ಬಾಗಿಲು ಬಡಿದಿದ್ದಾರೆ. ಆಮೇಲೆ ಪಕ್ಕದವರನ್ನು ಕೂಗಿ, ಬಾಗಿಲು ಮುರಿದು, ಆಟೋದಲ್ಲಿ ಅಮ್ಮನ ತಲೆಯನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು ಆಸ್ಪತ್ರೆಗೆ ಹೋಗಿದ್ದಾರೆ.

ಆ ವಾರ ಇಥಿಯೋಪಿಯಾದಲ್ಲಿ ಎಲ್ಲೂ ಇಂಟರ್ನೆಟ್ ಇರಲಿಲ್ಲ. ವಾಟ್ಸಾಪ್ ಇಲ್ಲ, ಏನೂ ಇಲ್ಲ. ಮುಚ್ಚಿದ್ದ ಮೊಬೈಲ್ ಅಂಗಡಿಯೊಂದನ್ನು ಅಣ್ಣ ತೆಗೆಸಿ, ಐಎಸ್‌ಡಿಗೆ ಕರೆನ್ಸಿ ಹಾಕಿಸಿಕೊಂಡು ಫೋನ್ ಮಾಡಿದಾಗ ಇಲ್ಲಿ ಹನ್ನೊಂದು ಗಂಟೆ, ಅಲ್ಲಿ ಎಂಟೂವರೆ. ಬೆಳಗಿನವರೆಗೂ ನನಗೆ ಆ ಊರಿನಿಂದ ಹೊರಡಲು ದಾರಿಯೇ ಇರಲಿಲ್ಲ. ಆಮೇಲೆ ಗಂಟೆಗೊಂದು ಸಲ ಫೋನ್. ಅವರಿಗೆ ಡಾಕ್ಟರ್ ಹೇಳಿದ್ದು ಅರ್ಥ ಆಗುತ್ತಿರಲಿಲ್ಲ, ಸಮಾಧಾನ ಹೇಳಲೂ ಬರುತ್ತಿರಲಿಲ್ಲ. ಪ್ರತಿ ಸಲ ಒಂದೇ ಮಾತು. "ಅಕ್ಕಾ, ಗಾಜಿನಿಂದ ನೋಡ್ದೆ. ಉಸಿರಾಡ್ತಾ ಇದಾರೆ." ಇಷ್ಟು ಹೇಳಿ ಇಡುತ್ತಿದ್ದರು. ಮುಂದಿನ ಒಂದು ಗಂಟೆ ಆ ಮಾತು ಹಿಡಿದುಕೊಂಡು ನಾನು ಕೂತಿರುತ್ತಿದ್ದೆ.

ನಿಜ ಹೇಳುತ್ತೇನೆ, ಆ ರಾತ್ರಿ ನನ್ನ ಮೇಲೆ ನನಗೆ ಅಸಹ್ಯ ಬಂದಿತ್ತು. ಒಬ್ಬಳೇ ಮಗಳು. ಎಪ್ಪತ್ತು ದಾಟಿದ ಅಮ್ಮನನ್ನು ಬಿಟ್ಟು ಯಾರದೋ ಊರಿನ ವಿಶ್ವವಿದ್ಯಾಲಯ ಕಟ್ಟಲು ಹೋದವಳು. ಅಮ್ಮ ಉಳಿಯದಿದ್ದರೆ ಎಂದು ಯೋಚಿಸಿದರೆ ಈಗಲೂ ಕೈ ನಡುಗುತ್ತದೆ. ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಹುಷಾರಾದ ಮೇಲೆ "ಮಕ್ಕಳ ಥೀಸಿಸ್ ಮುಗಿಸಿ ಬಾ" ಅಂತ ಅಮ್ಮನೇ ವಾಪಸ್ ಕಳಿಸಿದಳು, ಹೋದೆ, ಮುಗಿಸಿದೆ. ನನ್ನ ಆರು ಜನ ವಿದ್ಯಾರ್ಥಿಗಳೂ ಪಾಸಾದರು.

ಬೆಳಗಿನ ಜಾವ ನಾಲ್ಕಕ್ಕೆ ಹಾಲಿನ ಗಾಡಿ ಬರುತ್ತದೆ. ಅಣ್ಣ ಆ ದಿನ ಬೂತಿಗೆ ಹೋಗಲಿಲ್ಲ, ಅವರ ಹೆಂಡತಿ ಒಬ್ಬರೇ ಕ್ರೇಟ್ ಇಳಿಸಿಕೊಂಡರಂತೆ. ಅಕ್ಕಾ, ನಿಮಗೂ ಸೇರಿಸಿ ಬರೆಯುತ್ತಿದ್ದೇನೆ. ನಿಮ್ಮ ಮಗಳು ಇದನ್ನು ಇಬ್ಬರಿಗೂ ಓದಿ ಹೇಳುತ್ತಾಳೆ ಅಂದಿದ್ದಾಳೆ.

ಮೊನ್ನೆ ಆಸ್ಪತ್ರೆಯ ಕಾಗದ ಜೋಡಿಸುವಾಗ ಅಡ್ಮಿಷನ್ ಫಾರ್ಮಿನ ಪ್ರತಿ ಸಿಕ್ಕಿತು. ರೋಗಿಗೆ ಏನಾಗಬೇಕು ಅನ್ನುವ ಕಡೆ ಅಣ್ಣ "ಹಾಲಿನ ಬೂತ್" ಎಂದು ಬರೆದು ಸಹಿ ಹಾಕಿದ್ದಾರೆ. ಆ ಕಾಗದವನ್ನು ಪಾಸ್‌ಪೋರ್ಟ್ ಜೊತೆ ಇಟ್ಟಿದ್ದೇನೆ.

ಕ್ಯಾಂಟೀನಿನ ಅಕ್ಕ ಹಸಿ ಕಾಫಿ ಬೀಜ ಕಟ್ಟಿಕೊಟ್ಟಿದ್ದಾಳೆ. ಅಲ್ಲಿ ಮನೆಗೆ ಬಂದವರ ಎದುರೇ ಬೀಜ ಹುರಿದು ಮೂರು ಸುತ್ತು ಕಾಫಿ ಕೊಡುತ್ತಾರೆ, ಮೂರನೆಯದಕ್ಕೆ ಬರಕಾ ಅನ್ನುತ್ತಾರೆ, ಆಶೀರ್ವಾದ ಅಂತ ಅರ್ಥ. ಭಾನುವಾರ ಸಂಜೆ ಬೂತ್ ಮುಚ್ಚಿದ ಮೇಲೆ ಅಣ್ಣನ ಮನೆಯವರೆಲ್ಲ ನಮ್ಮ ಮನೆಗೆ ಬರುತ್ತಾರೆ. ಅಮ್ಮ ಈಗಲೇ ಬಾಣಲೆ ತೊಳೆದಿಟ್ಟಿದ್ದಾಳೆ.