ಗಾಳಿ ಇಲ್ಲದಾಗ ಹಾರಿಸಿಕೋ

ನಲ್ಮೆಯ ಓದುಗರೇ,

‘ಗಾಳಿ ಬಂದಾಗ ತೂರಿಕೋ’ ಎಂಬುದು ಕಣದಲ್ಲಿ ರಾಶಿ ಮಾಡುವವರ ಮಾತು. ಅಕ್ಟೋಬರ್ ಮೂರನೇ ಶನಿವಾರ ನಮಗೆ ಬೇಕಾಗಿರುವುದು ಇದಕ್ಕೆ ತದ್ವಿರುದ್ಧ. ಆವತ್ತು ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನ ಒಂದರವರೆಗೆ ಗಾಳಿ ಸುಮ್ಮನೆ ಮಲಗಿರಬೇಕು. ಇಲ್ಲಿನ ಹವ್ಯಾಸಿ ರಾಕೆಟ್ ಕ್ಲಬ್ಬಿನವರ ಜೊತೆ ಸೇರಿ, ಬಾಲ್ಟಿಮೋರ್‌ನಿಂದ ಸುಮಾರು ಒಂದು ಗಂಟೆ ದೂರದ ಹೊಲದಲ್ಲಿ, ನಮ್ಮ ಕನ್ನಡ ಕೂಟದ ಮಕ್ಕಳು ತಾವೇ ಕಟ್ಟಿದ ರಾಕೆಟ್‌ಗಳನ್ನು ಹಾರಿಸಲಿದ್ದಾರೆ. ಶನಿವಾರ ಗಾಳಿ ಜೋರಾದರೆ ಭಾನುವಾರ. ಎರಡೂ ದಿನ ಆಗದಿದ್ದರೆ ನವೆಂಬರ್‌ಗೆ ಮುಂದೂಡುತ್ತೇವೆ. ‘ಇಷ್ಟು ದೂರ ಬಂದಿದ್ದೀವಲ್ಲ, ಒಂದೇ ಒಂದು ಹಾರಿಸಿಬಿಡೋಣ’ ಎಂದು ಯಾರೂ ಒತ್ತಾಯ ಮಾಡಬಾರದು ಎಂಬುದು ನನ್ನ ಮೊದಲ ವಿನಂತಿ.

ಈ ಯೋಜನೆ ಶುರುವಾದದ್ದು ಹೋದ ವರ್ಷ. ನಾಲ್ಕು ಮನೆಯವರು ಆ ಕ್ಲಬ್ಬಿಗೆ ಅತಿಥಿಗಳಾಗಿ ಹೋಗಿದ್ದೆವು. ನನ್ನ ಮಗ ಮೂರು ವಾರ ಊಟದ ಮೇಜಿನ ಮೇಲೆ ಹರಡಿಕೊಂಡು ಒಂದು ರಾಕೆಟ್ ಕಟ್ಟಿದ್ದ. ರಟ್ಟಿನ ಕೊಳವೆ, ಪ್ಲಾಸ್ಟಿಕ್ ಮೂತಿ, ಬಾಲ್ಸಾ ಮರದ ಮೂರು ರೆಕ್ಕೆ. ಮೇಲೆ ಹೋದ ರಾಕೆಟ್ಟಿನ ಮೋಟಾರು ಕೊನೆಯಲ್ಲಿ ಮುಂದಕ್ಕೆ ಒಂದು ಸಣ್ಣ ಸ್ಫೋಟ ಬಿಟ್ಟು, ಮೂತಿಯನ್ನು ತಳ್ಳಿ, ಪ್ಯಾರಾಚೂಟನ್ನು ಹೊರಹಾಕುತ್ತದೆ. ಆ ಬಿಸಿಗಾಳಿ ತಾಗದ ಹಾಗೆ ಮೋಟಾರಿಗೂ ಪ್ಯಾರಾಚೂಟಿಗೂ ಮಧ್ಯೆ ಸುಲಭಕ್ಕೆ ಉರಿಯದ ಕಾಗದದ ಉಂಡೆಗಳನ್ನು ತುಂಬಬೇಕು. ನಾಲ್ಕು ಬೇಕಿತ್ತು. ಸರದಿ ಬಂದುಬಿಟ್ಟಿತೆಂಬ ಅವಸರದಲ್ಲಿ ನಾನು ಅವನ ಕೈಯಿಂದ ರಾಕೆಟ್ ಕಿತ್ತುಕೊಂಡು ಎರಡೇ ಉಂಡೆ ತುರುಕಿದೆ. ಮೇಲೇನೋ ಚೆನ್ನಾಗಿಯೇ ಹೋಯಿತು. ಕೆಳಗೆ ಬಂದದ್ದು ಕಲ್ಲಿನ ಹಾಗೆ. ಪ್ಯಾರಾಚೂಟ್ ಕರಗಿ, ಎಣ್ಣೆಗೆ ಬಿಟ್ಟ ಹಪ್ಪಳದಂತೆ ಮುದುಡಿಕೊಂಡಿತ್ತು. ಒಂದು ರೆಕ್ಕೆ ಬುಡದಿಂದ ಮುರಿದಿತ್ತು. ಅವನು ಅಳಲಿಲ್ಲ. ಕಾರಿನಲ್ಲಿ ಬರುವಾಗ, ‘ಅಪ್ಪ, ಮುಂದಿನ ಸಲ ನಾನೇ ತುಂಬ್ತೀನಿ’ ಎಂದಷ್ಟೇ ಹೇಳಿದ.

ಆ ಮಾತು ನನ್ನಲ್ಲಿ ನಾಟಿಕೊಂಡಿತು. ನಮ್ಮ ಕೂಟದ ಕಾರ್ಯಕ್ರಮಗಳಲ್ಲಿ ಮಕ್ಕಳನ್ನು ನಾವು ಎಷ್ಟು ಅಚ್ಚುಕಟ್ಟಾಗಿ ತಯಾರು ಮಾಡುತ್ತೇವೆ! ಮಾತು ಬರೆದುಕೊಡುತ್ತೇವೆ, ಬಟ್ಟೆ ತೊಡಿಸುತ್ತೇವೆ, ವೇದಿಕೆಯ ಕೆಳಗೆ ನಿಂತು ಹೆಜ್ಜೆಯನ್ನೂ ತೋರಿಸುತ್ತೇವೆ. ತಪ್ಪಾಗದಂತೆ ನೋಡಿಕೊಳ್ಳುವುದೇ ಪ್ರೀತಿ ಎಂದುಕೊಂಡಿದ್ದೇವೆ. ಆದ್ದರಿಂದ ಈ ಸಲದ ಕಟ್ಟುನಿಟ್ಟು ಹೀಗಿದೆ: ಕತ್ತರಿಸುವುದು, ಅಂಟಿಸುವುದು, ಮಡಿಸುವುದು, ತುಂಬುವುದು ಎಲ್ಲ ಮಕ್ಕಳದೇ ಕೆಲಸ. ಮೋಟಾರು ಕೂರಿಸುವಾಗ ಮಾತ್ರ ಕ್ಲಬ್ಬಿನ ಹಿರಿಯರೊಬ್ಬರು ಪಕ್ಕದಲ್ಲಿರುತ್ತಾರೆ. ನಾವು ನೋಡಬಹುದು, ಕೇಳಿದರೆ ಹೇಳಬಹುದು, ಕೈ ಹಾಕುವಂತಿಲ್ಲ.

ಇದಕ್ಕೆ ಒಂದೇ ಒಂದು ವಿನಾಯಿತಿ, ಅಜ್ಜಿಯರು. ಹೊಸನಗರದ ಕಡೆಯಿಂದ ಬಂದಿರುವ ನಮ್ಮ ಅತ್ತೆಯವರು ಹೋದ ವಾರದ ತರಬೇತಿಗೆ ಸುಮ್ಮನೆ ಜೊತೆಗೆ ಬಂದಿದ್ದರು. ಪ್ಯಾರಾಚೂಟಿನ ತೆಳ್ಳನೆ ಹಾಳೆ ಒಂದಕ್ಕೊಂದು ಅಂಟಿಕೊಳ್ಳದಿರಲೆಂದು ಟಾಲ್ಕಂ ಪೌಡರ್ ಸವರುವುದು ಈ ಹವ್ಯಾಸದವರ ಹಳೆಯ ಉಪಾಯ. ಮಕ್ಕಳು ಪೌಡರ್ ಸುರಿದುಕೊಂಡು ಉಂಡೆ ಕಟ್ಟುತ್ತಿದ್ದುದನ್ನು ಅವರು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಪಕ್ಕದಲ್ಲಿ ಕೂತು, ಸೀರೆಯ ನಿರಿಗೆ ಹಿಡಿದಂತೆ ಬೆರಳ ಸಂದಿಯಲ್ಲಿ ಪದರ ಪದರವಾಗಿ ಹಿಡಿದು ತೋರಿಸಿದರು. ‘ಪುಟ್ಟ, ನೀಟಾಗಿ ಕಾಣ್ಲಿ ಅಂತ ಬಿಗಿಯಾಗಿ ಸುತ್ತಬೇಡ. ಬಿಚ್ಚಿಕೊಳ್ಳೋಕೆ ಅದಕ್ಕೂ ಜಾಗ ಬೇಕಲ್ಲೋ.’ ಕ್ಲಬ್ಬಿನ ಹಿರಿಯರಿಗೆ ಅದನ್ನು ನಾನು ಇಂಗ್ಲಿಷಿನಲ್ಲಿ ಹೇಳಿದಾಗ, ಹೊಸಬರಿಗೆ ತಾವು ಮೊದಲು ಹೇಳಿಕೊಡುವ ಪಾಠವೂ ಇದೇ ಎಂದರು.

ಮೋಟಾರಿನ ವಿಷಯ ಹೆತ್ತವರು ಕೇಳುತ್ತಲೇ ಇದ್ದಾರೆ. ಅಂಗಡಿಯಲ್ಲಿ ಸಿಗುವ ಮೋಟಾರು ಬೆರಳುದ್ದದ ದಪ್ಪ ಕಾಗದದ ಕೊಳವೆ. ಬುಡದಲ್ಲಿ ಜೇಡಿಮಣ್ಣಿನ ಸಣ್ಣ ತೂತು, ಅದರ ಮೇಲೆ ಒತ್ತಿ ತುಂಬಿದ ಕಪ್ಪು ಮದ್ದು, ಅದರ ಮೇಲೆ ಹೊಗೆ ಮಾತ್ರ ಬಿಡುತ್ತ ನಿಧಾನವಾಗಿ ಉರಿಯುವ ಇನ್ನೊಂದು ಪದರ, ತುದಿಯಲ್ಲಿ ಪ್ಯಾರಾಚೂಟ್ ಹೊರಹಾಕುವ ಚಿಟಿಕೆ ಮದ್ದು. ಮೈಮೇಲೆ ‘ಸಿ6-5’ ಎಂದು ಬರೆದಿದ್ದರೆ ‘ಸಿ’ ಎಂಬುದು ಮೋಟಾರು ಉರಿದು ಮುಗಿಯುವಷ್ಟರಲ್ಲಿ ಕೊಡುವ ಒಟ್ಟು ನೂಕಿನ (ನೂಕುಬಲವನ್ನು ಸೆಕೆಂಡುಗಳಿಂದ ಗುಣಿಸಿದ ಲೆಕ್ಕ) ವರ್ಗ, 6 ಎಂಬುದು ಸರಾಸರಿ ನೂಕುಬಲ ನ್ಯೂಟನ್ ಲೆಕ್ಕದಲ್ಲಿ, 5 ಎಂದರೆ ಮದ್ದು ಮುಗಿದ ಮೇಲೆ ಪ್ಯಾರಾಚೂಟ್ ಬಿಚ್ಚುವುದಕ್ಕೆ ಮುಂಚಿನ ಸೆಕೆಂಡುಗಳು. ಅಕ್ಷರ ಒಂದು ಮುಂದೆ ಹೋದರೆ ಒಟ್ಟು ನೂಕಿನ ಮಿತಿ ಎರಡರಷ್ಟು: ‘ಎ’ ಎಂದರೆ 2.5 ನ್ಯೂಟನ್-ಸೆಕೆಂಡಿನವರೆಗೆ, ‘ಬಿ’ 5, ‘ಸಿ’ 10, ‘ಡಿ’ 20. ನಮ್ಮಲ್ಲಿ ಹನ್ನೆರಡು ವರ್ಷದೊಳಗಿನವರಿಗೆಲ್ಲ ‘ಎ’ ಅಥವಾ ‘ಬಿ’ ಮಾತ್ರ. ‘ನಮ್ಮ ಹುಡುಗ ಜಾಣ, ಅವನಿಗೊಂದು ಡಿ ಕೊಡಿ’ ಎಂದು ಇಬ್ಬರು ಕೇಳಿದ್ದಾರೆ. ಜಾಣತನ ಇರುವುದು ರಾಕೆಟ್ ವಾಪಸ್ ಕೈಗೆ ಸಿಗುವುದರಲ್ಲಿ.

ಲೆಕ್ಕ ಹಾಕಿ ನೋಡಿ. ಸಾವಿರ ಅಡಿ ಎತ್ತರದಲ್ಲಿ ಬಿಚ್ಚಿಕೊಂಡ ಪ್ಯಾರಾಚೂಟ್ ಸೆಕೆಂಡಿಗೆ 15 ಅಡಿಯಂತೆ ಇಳಿದರೆ ನೆಲ ಮುಟ್ಟಲು ಒಂದು ನಿಮಿಷದ ಮೇಲಾಗುತ್ತದೆ. ಗಂಟೆಗೆ 10 ಮೈಲಿಯ ಗಾಳಿ ಎಂದರೆ ಅದೂ ಸೆಕೆಂಡಿಗೆ ಹೆಚ್ಚುಕಡಿಮೆ 15 ಅಡಿಯೇ. ಎಷ್ಟು ಎತ್ತರವೋ ಅಷ್ಟು ದೂರ ತೇಲಿಹೋಗುತ್ತದೆ, ಹೊಲ ದಾಟಿ ಓಕ್ ಮರಗಳ ತೋಪಿಗೆ. ನಿಯಮದಲ್ಲಿ ಗಂಟೆಗೆ 20 ಮೈಲಿಯವರೆಗೂ ಅನುಮತಿ ಇದೆ. ನಾವು 12ಕ್ಕೇ ನಿಲ್ಲಿಸುತ್ತೇವೆ. ಪ್ಯಾರಾಚೂಟಿನ ನಡುವೆ ಬಳೆಯಷ್ಟು ದುಂಡನೆ ತೂತು ಕತ್ತರಿಸಿದರೆ ಬೇಗ ಇಳಿಯುತ್ತದೆ, ತೂಗಾಡುವುದೂ ಕಡಿಮೆ. ಕತ್ತರಿಸುವಾಗ ಮಕ್ಕಳಿಗೆ ಕರುಳು ಚುರುಕ್ಕೆನ್ನುತ್ತದೆ. ಚೆನ್ನಾಗಿರುವ ಪ್ಯಾರಾಚೂಟಿಗೆ ತೂತು ಮಾಡುವುದೆಂದರೆ ಹಾಗೇ ಅಲ್ಲವೇ.

ಇನ್ನೊಂದು ಪರೀಕ್ಷೆಯನ್ನು ಪ್ರತಿ ಮಗುವೂ ಮಾಡಿಯೇ ಬರಬೇಕು. ಮೋಟಾರು, ಪ್ಯಾರಾಚೂಟ್ ಎಲ್ಲ ತುಂಬಿದ ರಾಕೆಟ್ಟು ಸಮತೋಲವಾಗಿ ನಿಲ್ಲುವ ಜಾಗಕ್ಕೆ ದಾರ ಕಟ್ಟಿ, ತಲೆಯ ಮೇಲೆ ಗರಗರ ತಿರುಗಿಸುವುದು. ಮೂತಿ ಮುಂದಾಗಿ ತಿರುಗಿದರೆ ಸರಿ. ಅಡ್ಡಡ್ಡವೋ ಹಿಂದುಮುಂದೋ ತಿರುಗಿದರೆ ಅದು ಆಕಾಶದಲ್ಲೂ ಹಾಗೇ ಲಾಗ ಹಾಕುತ್ತದೆ. ಮೂತಿಗೆ ಒಂದಿಷ್ಟು ಜೇಡಿಮಣ್ಣು ಮೆತ್ತಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಭಾರ ಮುಂದಿರಬೇಕು, ಗಾಳಿಯ ಒತ್ತಡ ಹಿಂದೆ ಬೀಳಬೇಕು, ಎರಡರ ನಡುವೆ ಕೊಳವೆಯ ಅಡ್ಡಗಲದಷ್ಟಾದರೂ ಅಂತರ ಇರಬೇಕು.

ನಮ್ಮ ಬಾಣಬಿರುಸಿನ ರಾಕೆಟ್ಟಿಗೆ ಉದ್ದನೆ ಕಡ್ಡಿ ಯಾಕಿದೆ ಎಂದು ಚಿಕ್ಕಂದಿನಲ್ಲಿ ನಾನು ಯಾರನ್ನೂ ಕೇಳಿರಲಿಲ್ಲ. ರೆಕ್ಕೆ ಮಾಡುವ ಕೆಲಸವನ್ನೇ ಆ ಕಡ್ಡಿ ಮಾಡುತ್ತದೆ. ಹೈದರ್ ಅಲಿ ಮತ್ತು ಟಿಪ್ಪುವಿನ ಮೈಸೂರು ರಾಕೆಟ್‌ಗಳಿಗೂ ಉದ್ದನೆ ಬಿದಿರು ಕಟ್ಟುತ್ತಿದ್ದರು. ರಾಕೆಟ್ಟನ್ನು ಕಂಡುಹಿಡಿದವರು ನಾವಲ್ಲ, ಅದು ಚೀನಾದಿಂದ ಬಂದ ವಿದ್ಯೆ. ನಮ್ಮ ನಾಡಿನ ಕಮ್ಮಾರರ ಕೈಚಳಕ ಕಬ್ಬಿಣದ ಕೊಳವೆಯಲ್ಲಿತ್ತು. ಕಾಗದ, ಬಿದಿರಿನ ಕೊಳವೆ ತಾಳದಷ್ಟು ಒತ್ತಡವನ್ನು ಅದು ತಾಳುತ್ತಿತ್ತು, ಆದ್ದರಿಂದ ಹೆಚ್ಚು ದೂರ ಹೋಗುತ್ತಿತ್ತು. 1780ರ ಪೊಳ್ಳಿಲೂರು ಯುದ್ಧದಲ್ಲಿ ಬ್ರಿಟಿಷ್ ಪಡೆಗೆ ಅದರ ಪೆಟ್ಟು ಬಿತ್ತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಸಿಕ್ಕ ರಾಕೆಟ್‌ಗಳು ಇಂಗ್ಲೆಂಡಿಗೆ ಹೋದವು. ಅವುಗಳ ಜಾಡಿನಲ್ಲೇ ವಿಲಿಯಂ ಕಾಂಗ್ರೀವ್ ತನ್ನ ರಾಕೆಟ್‌ಗಳನ್ನು ರೂಪಿಸಿದ. 1814ರ ಸೆಪ್ಟೆಂಬರಿನಲ್ಲಿ ಬ್ರಿಟಿಷ್ ನೌಕೆಗಳು ಬಾಲ್ಟಿಮೋರಿನ ಫೋರ್ಟ್ ಮೆಕ್‌ಹೆನ್ರಿ ಕೋಟೆಯ ಮೇಲೆ ಬಿಟ್ಟದ್ದು ಆ ಕಾಂಗ್ರೀವ್ ರಾಕೆಟ್‌ಗಳನ್ನೇ. ಅಂದಿನ ಕೆಂಪು ಬೆಳಕನ್ನು ನೋಡಿ ಫ್ರಾನ್ಸಿಸ್ ಸ್ಕಾಟ್ ಕೀ ಬರೆದ ಸಾಲುಗಳೇ ಇಂದು ಅಮೆರಿಕದ ರಾಷ್ಟ್ರಗೀತೆ. ಅದನ್ನು ನಮ್ಮ ಮಕ್ಕಳು ಇಲ್ಲಿನ ಶಾಲೆಯಲ್ಲಿ ಎದ್ದುನಿಂತು ಹಾಡುತ್ತಾರೆ. ನಾವಿರುವ ಊರಿಗೂ ನಾವು ಬಿಟ್ಟುಬಂದ ಊರಿಗೂ ಹೀಗೊಂದು ನಂಟು ಇರುವುದನ್ನು ಅವರಿಗೆ ಹೇಳದೆ ಇರುವುದು ಹೇಗೆ?

ಇದೇ ಕಡಲಂಚಿನಲ್ಲಿ ಸ್ವಲ್ಪ ದಕ್ಷಿಣಕ್ಕೆ, ವರ್ಜೀನಿಯಾದ ವಾಲಪ್ಸ್‌ನಲ್ಲಿ, ನಾಸಾದ ರಾಕೆಟ್ ಉಡಾವಣಾ ಕೇಂದ್ರವಿದೆ. 1960ರ ದಶಕದ ಆರಂಭದಲ್ಲಿ ತರಬೇತಿಗೆ ಬಂದ ಅಬ್ದುಲ್ ಕಲಾಂ ಅಲ್ಲಿನ ಸ್ವಾಗತ ಕೊಠಡಿಯಲ್ಲಿ ಒಂದು ವರ್ಣಚಿತ್ರ ಕಂಡದ್ದನ್ನು ತಮ್ಮ ಆತ್ಮಕಥೆಯಲ್ಲಿ ನೆನೆದಿದ್ದಾರೆ. ಚಿತ್ರದಲ್ಲಿದ್ದುದು ಬ್ರಿಟಿಷರ ಮೇಲೆ ರಾಕೆಟ್ ಬಿಡುತ್ತಿರುವ ಟಿಪ್ಪುವಿನ ಸೈನಿಕರು. ಇನ್ನು ನಮ್ಮ ಅತ್ತೆಯವರ ತಾಲ್ಲೂಕಿನ ‘ನಗರ’ ಎಂಬ ಊರಿನಲ್ಲಿ, 2018ರಲ್ಲಿ, ಒಂದು ಹಳೆಯ ಬಾವಿಯಿಂದ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್‌ಗಳನ್ನು ಪುರಾತತ್ವ ಇಲಾಖೆಯವರು ಹೊರತೆಗೆದರು. ‘ಬಾವಿ ಇತ್ತು ಅಂತ ಗೊತ್ತಿತ್ತು, ಅದರಲ್ಲಿ ಇದಿತ್ತು ಅಂತ ಯಾರಿಗೆ ಗೊತ್ತು ಮಾರಾಯ’ ಎನ್ನುತ್ತಾರೆ ಅತ್ತೆ. ಅವು ಜನರನ್ನು ಕೊಲ್ಲಲು ಮಾಡಿದ ಆಯುಧಗಳು ಎಂಬುದನ್ನೂ ಮಕ್ಕಳಿಗೆ ಮುಚ್ಚಿಡಬೇಕಿಲ್ಲ. ಅಂದು ಹೊಲದಲ್ಲಿ ಒಂದು ಮೇಜಿನ ಮೇಲೆ ಇವೆಲ್ಲದರ ಚಿತ್ರಗಳನ್ನು ಇಡುತ್ತೇವೆ. ವಿವರಿಸುವ ಕೆಲಸ ಅತ್ತೆಯವರದು, ಪೂರ್ತಿ ಕನ್ನಡದಲ್ಲಿ.

ಕ್ಲಬ್ಬಿನ ನಿಯಮಗಳು ಕೆಲವರಿಗೆ ಅತಿ ಅನ್ನಿಸಿವೆ. ಅವು ಬಂದದ್ದು ಗಾಯಗಳಿಂದ. 1957ರಲ್ಲಿ ಸ್ಪುಟ್ನಿಕ್ ಹಾರಿದ ಹೊತ್ತಿಗೆ ಈ ದೇಶದ ಹುಡುಗರು ಮನೆಯ ನೆಲಮಾಳಿಗೆಯಲ್ಲಿ ಲೋಹದ ಕೊಳವೆಗೆ ತಾವೇ ಮದ್ದು ತುಂಬಿ ಕೈ, ಕಣ್ಣು ಕಳೆದುಕೊಳ್ಳುತ್ತಿದ್ದರು. ನೆಬ್ರಾಸ್ಕಾದ ನಾರ್ಫೋಕ್ ಎಂಬ ಊರಿನಲ್ಲಿ ಚಪ್ಪಲಿ ಅಂಗಡಿ ಇಟ್ಟಿದ್ದ ಆರ್ವಿಲ್ ಕಾರ್ಲೈಲ್ ಮತ್ತು ಅವನ ಸಹೋದರ ರಾಬರ್ಟ್ 1954ರಲ್ಲೇ ಕಾಗದ, ಬಾಲ್ಸಾದಿಂದ ಹಗುರ ರಾಕೆಟ್ ಮಾಡಿದ್ದರು. ಅದನ್ನು ನೋಡಿದ ಹ್ಯಾರಿ ಸ್ಟೈನ್ ಎಂಬ ಎಂಜಿನಿಯರ್ ಸುರಕ್ಷತೆಯ ನಿಯಮಗಳನ್ನು ಬರೆದ, 1957ರಲ್ಲಿ ರಾಷ್ಟ್ರಮಟ್ಟದ ಸಂಘ ಕಟ್ಟಿದ. ಮದ್ದನ್ನು ಮನೆಯಲ್ಲಿ ಅರೆಯಬೇಡಿ, ಕಾರ್ಖಾನೆಯ ಮೋಟಾರನ್ನೇ ತನ್ನಿ ಎಂಬುದು ಅಂದಿನಿಂದ ಬಂದ ಮಾತು. ಈ ವಿಷಯದಲ್ಲಿ ನಾನು ಕ್ಲಬ್ಬಿನವರಿಗಿಂತ ಒಂದು ತೂಕ ಹೆಚ್ಚೇ ಕಟ್ಟುನಿಟ್ಟು.

ಹೊಲದಲ್ಲಿ ಸುರಕ್ಷತೆ ನೋಡಿಕೊಳ್ಳುವ ಹಿರಿಯರು ಪ್ರತಿ ರಾಕೆಟ್ಟಿನ ರೆಕ್ಕೆ ಅಲ್ಲಾಡಿಸಿ ನೋಡುತ್ತಾರೆ. ಅವರು ಬೇಡವೆಂದರೆ ಬೇಡ. ‘ಡಿ’ ಮೋಟಾರಿನವರೆಗೆ 15 ಅಡಿ, ಅದಕ್ಕಿಂತ ದೊಡ್ಡದಕ್ಕೆ 30 ಅಡಿ ದೂರದಿಂದ, ತಂತಿಯ ಮೂಲಕ ವಿದ್ಯುತ್ತಿನಿಂದ ಮಾತ್ರ ಹೊತ್ತಿಸುವುದು. ಕೀಲಿ ಹಾಕದೆ ಗುಂಡಿ ಒತ್ತಿದರೆ ಏನೂ ಆಗುವುದಿಲ್ಲ. ಒತ್ತಿದ ಮೇಲೂ ಹೊತ್ತಿಕೊಳ್ಳದಿದ್ದರೆ ಕೀಲಿ ತೆಗೆದು ಪೂರ್ತಿ 60 ಸೆಕೆಂಡು ಯಾರೂ ಹತ್ತಿರ ಹೋಗುವಂತಿಲ್ಲ. ವಿದ್ಯುತ್ ತಂತಿಗೆ ಸಿಕ್ಕಿಕೊಂಡ ರಾಕೆಟ್ ಹೋದಂತೆಯೇ, ಅದರ ಆಸೆ ಬಿಡಬೇಕು.

ತರಬೇತಿ ಕೊಡುತ್ತಿರುವವರು ನಮ್ಮ ಕೂಟದ ಇಬ್ಬರು ಹೈಸ್ಕೂಲ್ ಹುಡುಗಿಯರು. ಹಸಿ ಮೊಟ್ಟೆ ಹೊತ್ತ ರಾಕೆಟ್ಟನ್ನು ನಿಗದಿತ ಎತ್ತರಕ್ಕೆ ಕಳಿಸಿ, ನಿಗದಿತ ಹೊತ್ತಿನಲ್ಲಿ, ಮೊಟ್ಟೆ ಒಡೆಯದಂತೆ ಇಳಿಸುವ ರಾಷ್ಟ್ರೀಯ ಸ್ಪರ್ಧೆಯೊಂದು 2003ರಿಂದ ನಡೆಯುತ್ತಿದೆ. ಅದರ ಅಂತಿಮ ಸುತ್ತು ವರ್ಜೀನಿಯಾದ ಗ್ರೇಟ್ ಮೆಡೋ ಮೈದಾನದಲ್ಲಿ. ಅಲ್ಲಿಗೆ ಹೋಗಲು ಎರಡು ವರ್ಷದಿಂದ ಇವರು ಬೆವರು ಸುರಿಸುತ್ತಿದ್ದಾರೆ. ಒಬ್ಬಳ ಮನೆಯಲ್ಲಿ ಮೊಟ್ಟೆ ಒಳಗೆ ಬರುವುದಿಲ್ಲ. ಅವಳ ಅಜ್ಜನೇ ಗ್ಯಾರೇಜಿನಲ್ಲಿ ಒಂದು ಸಣ್ಣ ಪೆಟ್ಟಿಗೆ ಇಟ್ಟು ಜಾಗ ಮಾಡಿಕೊಟ್ಟಿದ್ದಾರೆ.

ರಾಕೆಟ್‌ಗಳಿಗೆ ಹೆಸರು ಕನ್ನಡದಲ್ಲಿರಲಿ ಎಂದಿದ್ದೆವು. ಗರುಡ, ಮಿಂಚು, ಚುಕ್ಕಿ ಬಂದಿವೆ. ಎಂಟು ವರ್ಷದ ಒಬ್ಬಳು ‘ಮಿಂಚುಳ್ಳಿ’ ಎಂದು ಬರೆಯಲು ಕೂತಳು. ಕೊಳವೆ ಒಂದಂಗುಲ ದಪ್ಪ. ಅಡ್ಡಕ್ಕೆ ಬರೆದರೆ ಹೆಸರು ಸುತ್ತಿಕೊಂಡು ಹಿಂದೆ ಹೋಗುತ್ತದೆ. ಒಂದರ ಕೆಳಗೊಂದು ಬರೆದರೆ ‘ಳ್ಳಿ’ಯ ಒತ್ತಿಗೆ ಜಾಗ ಸಾಲದೆ ರೆಕ್ಕೆಗೆ ತಾಗುತ್ತದೆ. ಎರಡು ಸಲ ಅಳಿಸಿದಳು. ಕೊನೆಗೆ ಪೆನ್ಸಿಲಿನಿಂದ ಒತ್ತಕ್ಷರದ ಅಳತೆ ಹಿಡಿದು, ರೆಕ್ಕೆಯನ್ನೇ ಕಾಲು ಅಂಗುಲ ಕೆಳಗೆ ಅಂಟಿಸಿದಳು. ಕನ್ನಡದ ಒಂದು ಒತ್ತಿಗಾಗಿ ರಾಕೆಟ್ಟಿನ ವಿನ್ಯಾಸ ಬದಲಾದದ್ದನ್ನು ನಾನು ಕಣ್ಣಾರೆ ಕಂಡೆ. ದಾರ ಕಟ್ಟಿ ತಿರುಗಿಸಿ ನೋಡಿದೆವು, ಮೂತಿ ಮುಂದಾಗಿಯೇ ತಿರುಗಿತು.

ಎಣಿಕೆಯೂ ಕನ್ನಡದಲ್ಲೇ. ಐದು, ನಾಲ್ಕು, ಮೂರು, ಎರಡು, ಒಂದು. ಕ್ಲಬ್ಬಿನವರು ಈಗಾಗಲೇ ಕಲಿಯುತ್ತಿದ್ದಾರೆ, ‘ನಾಲ್ಕು’ ಇನ್ನೂ ಸ್ವಲ್ಪ ತೊಡಕು.

ಹೊಲದಲ್ಲಿ ಒಲೆ ಹಚ್ಚುವಂತಿಲ್ಲ, ಸಿಗರೇಟಂತೂ ಇಲ್ಲವೇ ಇಲ್ಲ. ಆದ್ದರಿಂದ ಚಿತ್ರಾನ್ನ, ಮೊಸರನ್ನ, ಕೋಡುಬಳೆ. ಕಾಫಿ ಫ್ಲಾಸ್ಕಿನಲ್ಲಿ ಬರಲಿ. ಸೋಯಾ ಕೊಯ್ಲಾದ ನೆಲ, ಕೂಳೆ ಚುಚ್ಚುತ್ತದೆ. ಚಪ್ಪಲಿ ಬೇಡ, ಗಟ್ಟಿ ಬೂಟು ಹಾಕಿಕೊಂಡು ಬನ್ನಿ. ಮುಂಜಾವಿನಲ್ಲೇ ಬರುವ ಸ್ವಯಂಸೇವಕರು ಇನ್ನೂ ಆರು ಮಂದಿ ಬೇಕು, ಹುಡುಕಿ ತರುವ ಸಾಲಿನಲ್ಲಿ ನಡೆಯಲು ಎಷ್ಟು ಜನರಾದರೂ ಆಗಬಹುದು. ರಾಕೆಟ್ ಬಿದ್ದ ಕಡೆ ದೂರದ ಒಂದು ಮರವನ್ನೋ ಕಂಬವನ್ನೋ ಗುರುತಿಟ್ಟುಕೊಂಡು, ಕಣ್ಣು ಕದಲಿಸದೆ ನೇರ ಅದರತ್ತ ನಡೆಯಬೇಕು. ಕೊನೆಯ ರಾಕೆಟ್ ಹನ್ನೆರಡೂವರೆಗೆ. ಅದು ಸಿಕ್ಕ ಮೇಲೆ ಊಟ.