ಗೀಸರಿನ ಮುಚ್ಚಳ ತೆಗೆಯದೆ ದೂರು ಮುಚ್ಚಿದ್ದರ ಬಗ್ಗೆ

ಧಾರವಾಡ
4 ಜನವರಿ 2025

ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರಿಗೆ,

ವಿಷಯ: 15 ಲೀಟರ್ ಗೀಸರ್ ಪದೇ ಪದೇ ಹತ್ತಿ ಆರುತ್ತಿರುವುದು, ಅದನ್ನು ಇದುವರೆಗೂ ಯಾರೂ ಬಿಚ್ಚಿ ನೋಡದಿರುವುದು

ಮಾನ್ಯರೇ,

ಇದು ನನ್ನ ಐದನೇ ದೂರು. ಮೊದಲ ನಾಲ್ಕನ್ನು ಫೋನಿನಲ್ಲಿ, ಬಹಳ ಮರ್ಯಾದೆಯಿಂದ ಹೇಳಿದ್ದೆ. ಕನ್ನಡಕ್ಕೆ ಮೂರನ್ನು ಒತ್ತಿ ಅಂದರು, ಒತ್ತಿದೆ. ಹಿಂದಿ ಬಂತು. ಇರಲಿ.

2023ರ ನವೆಂಬರ್ 10ರಂದು ಸುಭಾಸ ರಸ್ತೆಯ ಅಂಗಡಿಯಲ್ಲಿ ನಿಮ್ಮ ಗೀಸರ್ ಕೊಂಡೆವು. ಮರುದಿನ ನೀರು ತುಂಬುವ ಹಬ್ಬ. ಅವತ್ತೇ ನಮ್ಮ ತಾಮ್ರದ ಹಂಡೆ ಅಟ್ಟ ಸೇರಿತು. ಬಿಲ್ಲು, ವಾರಂಟಿ ಕಾರ್ಡು ಎರಡರ ಝೆರಾಕ್ಸ್ ಇಟ್ಟಿದ್ದೇನೆ. ಎರಡು ವರ್ಷದ ವಾರಂಟಿಯಲ್ಲಿ ಏನೇನು ಬರುತ್ತದೆ ಅನ್ನುವುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಬರೆದವರು ನೀವೇ ಅಲ್ವಾ.

ಈಗ ಹೋದ ಡಿಸೆಂಬರಿನ ಮೊದಲ ವಾರದಿಂದ ಗೀಸರಿನ ಕೆಂಪು ದೀಪ ಒಂದು ನಿಮಿಷ ಉರಿಯುತ್ತದೆ, ಮೂರ್ನಾಲ್ಕು ನಿಮಿಷ ಆರುತ್ತದೆ. ಗಡಿಯಾರ ಹಿಡಿದು ನೋಡಿದ್ದೇನೆ. ಅರ್ಧ ಗಂಟೆಯಲ್ಲಿ ಏಳು ಸಲ. ಅಷ್ಟಾದರೂ ನೀರು ಉಗುರು ಬೆಚ್ಚಗೆ. ನಿಮ್ಮ 2000 ವ್ಯಾಟಿನ ಕಾಯಿಲ್ ನಡುವೆ ನಿಲ್ಲದೆ ಕೆಲಸ ಮಾಡಿದರೆ 15 ಲೀಟರ್ ನೀರು 25 ಡಿಗ್ರಿಯಿಂದ 60ಕ್ಕೆ ಏರಲು 18–20 ನಿಮಿಷ ಸಾಕು. ಆಮೇಲೆ ದೀಪ ಆರಬೇಕು, ನೀರು ತಣಿಯುವ ತನಕ ಆರಿಯೇ ಇರಬೇಕು.

ವೋಲ್ಟೇಜ್ ಕಡಿಮೆ ಇರಬೇಕು ಎಂದರು ನಿಮ್ಮವರು. ಓಣಿಯ ಎಲೆಕ್ಟ್ರಿಷಿಯನ್‌ನಿಂದ ಅಳೆಸಿದೆ, 231 ಇತ್ತು. ಪ್ಲಗ್ಗು ಸಡಿಲ ಇರಬೇಕು ಎಂದರು. ಅದೇ ಪ್ಲಗ್ಗಿಗೆ ನೀರು ಕಾಯಿಸುವ ರಾಡ್ ಹಾಕಿದೆ, ಇಪ್ಪತ್ತು ನಿಮಿಷ ಒಂದೇ ಸಮ ಓಡಿತು. ಗುಂಡಿ ತಿರುಗಿಸಿ ನೋಡಿ ಎಂದರು. ಕೆಳಗೂ ತಿರುಗಿಸಿದೆ, ಮೇಲಕ್ಕೂ ತಿರುಗಿಸಿದೆ. ಉಳಿದದ್ದು ಎರಡೇ. ಕಾಯಿಲಿಗೆ ಸುಣ್ಣ ಕಟ್ಟಿ, ಅದರ ಕಾವು ನೀರಿಗೆ ಹೋಗದೆ ಪಕ್ಕದ ಥರ್ಮೋಸ್ಟ್ಯಾಟಿಗೆ ತಾಗಿ, ಅದು ನೀರು ಕಾದಿದೆ ಎಂದುಕೊಂಡು ಕರೆಂಟ್ ಕಡಿಯುತ್ತಿರಬೇಕು. ಇಲ್ಲವೇ ಥರ್ಮೋಸ್ಟ್ಯಾಟೇ ಕೆಟ್ಟಿರಬೇಕು. ಯಾವುದು ಎಂದು ತಿಳಿಯಲು ಕೆಳಗಿನ ಮುಚ್ಚಳ ತೆಗೆಯಬೇಕು. ನಾಲ್ಕು ಸ್ಕ್ರೂ. ನಾನೇ ತೆಗೆಯುತ್ತಿದ್ದೆ, ಆದರೆ ಸೀಲ್ ಒಡೆದರೆ ವಾರಂಟಿ ಹೋಯಿತು ಎಂದು ನಿಮ್ಮ ಕಾರ್ಡಿನಲ್ಲಿದೆ.

ಈಗ ಡಿಸೆಂಬರ್ 19ರ ವಿಷಯ. ಹತ್ತರಿಂದ ಒಂದರ ಒಳಗೆ ಬರುತ್ತೇವೆ ಎಂದವರು ಎರಡೂವರೆಗೆ ಬಂದರು. ಒಬ್ಬ ಹುಡುಗ, ಹೆಗಲಿಗೆ ಚೀಲ. ಬಚ್ಚಲ ಬಾಗಿಲಲ್ಲೇ ನಿಂತು ಕೇಳಿದ:

"ಆಂಟಿ, ಸ್ವಿಚ್ ಹಾಕಿದ್ರೇನ್ರಿ?"

ಹಾಕಿದೆ ತಮ್ಮಾ, ಹಾಕಿದ್ದಕ್ಕೇ ದೀಪ ಹತ್ತಿ ಆರುತ್ತಿದೆ ಎಂದೆ. ಅವನು ಮೊಬೈಲಿನಲ್ಲಿ ಗೀಸರಿನ ಒಂದು ಫೋಟೋ ಹೊಡೆದ. ಆಮೇಲೆ ನನಗೆ ಪಾಠ ಶುರು ಮಾಡಿದ.

"ಲೈಟ್ ಆರೇತಿ ಅಂದ್ರ ನೀರು ಕಾದಾವ ಅಂತ ಅರ್ಥ ರೀ. ಅದು ಆಟೋಮ್ಯಾಟಿಕ್ ಇರತೈತಿ."

ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವಳು ನಾನು. ಥರ್ಮೋಸ್ಟ್ಯಾಟ್ ಹೇಗೆ ಕೆಲಸ ಮಾಡುತ್ತದೆ ಎಂದು ಕಪ್ಪು ಹಲಗೆಯ ಮೇಲೆ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಆದರೂ ಸುಮ್ನೆ ನಲ್ಲಿ ಬಿಟ್ಟು, ಕೈ ಇಟ್ಟು ನೋಡು ಎಂದೆ. ಎರಡು ಬೆರಳು ಇಟ್ಟ. ಕೈ ಒರೆಸಿಕೊಂಡ. ನನ್ನ ಸೊಸೆಯ ಎದುರು, ಪಕ್ಕದ ಮನೆಯವರ ಎದುರು ಹೇಳಿದ:

"ಬೆಚ್ಚಗ ಅದಾವಲ್ರಿ. ವಯಸ್ಸಾದವ್ರಿಗೆ ಎಷ್ಟ್ ಬಿಸಿ ಇದ್ರೂ ತಣ್ಣಗ ಅನಸ್ತಾವ್ರಿ."

ಪಕ್ಕದ ಮನೆಯವರು ಸೆರಗು ಬಾಯಿಗೆ ಹಿಡಿದು ನಕ್ಕರು. ಮುಚ್ಚಳ ಬಿಚ್ಚಪ್ಪಾ ಎಂದೆ. ಬಿಚ್ಚುತ್ತೇನೆ, ಮೊದಲು ಓಟಿಪಿ ಹೇಳಿ ಎಂದ. ಯಾಕೆ ಎಂದರೆ, "ನಾ ಬಂದೀನಿ ಅಂತ ತೋರಸ್ಬೇಕ್ರಿ." ನಾಲ್ಕು ಅಂಕಿ ಹೇಳಿದೆ. ಅವನು ಒತ್ತಿದ. ನನ್ನ ಫೋನು ಟಿಂಗ್ ಎಂದಿತು: ನಿಮ್ಮ ದೂರು ಬಗೆಹರಿದಿದೆ, ನಮ್ಮ ಸೇವೆಗೆ ನಕ್ಷತ್ರ ಕೊಡಿ.

ತಲೆ ಎತ್ತಿ ನೋಡುವಷ್ಟರಲ್ಲಿ ಅವನು ಚಪ್ಪಲಿ ಹಾಕಿಕೊಳ್ಳುತ್ತಿದ್ದ. ಮನೆಯೊಳಗೆ ಇದ್ದದ್ದು ಹನ್ನೊಂದು ನಿಮಿಷ, ಅದರಲ್ಲಿ ನಾಲ್ಕು ಬೇರೆ ಯಾರದೋ ಫೋನು. ಹೆಗಲ ಚೀಲ ಕೆಳಗಿಳಿಯಲೇ ಇಲ್ಲ. ಬಂದ ತಕ್ಷಣ ಚಹಾ ಕೊಟ್ಟಿದ್ದೆ. ಅದನ್ನು ವಾಪಸ್ ಕೇಳುವುದಿಲ್ಲ. ಹುಡುಗನ ಮೇಲೆ ನನಗೆ ಅಷ್ಟು ಸಿಟ್ಟೂ ಇಲ್ಲ. ದಿನಕ್ಕೆ ಇಷ್ಟು ದೂರು ಮುಚ್ಚಬೇಕು ಎಂದು ನೀವು ಹೇಳಿ ಕಳಿಸಿರುತ್ತೀರಿ, ಅವನು ಮುಚ್ಚಿದ. ಗೀಸರ್ ರಿಪೇರಿ ಮಾಡು ಎಂದು ಯಾರಾದರೂ ಹೇಳಿದ್ದರೆ ಅದನ್ನೂ ಮಾಡುತ್ತಿದ್ದನೋ ಏನೋ.

28ಕ್ಕೆ ಮತ್ತೆ ಫೋನ್ ಮಾಡಿದೆ. ದೂರು ಮತ್ತೆ ತೆರೆದರು, ಸಂಜೆಗೆ ಮತ್ತೆ ಮುಚ್ಚಿದರು. ನಿಮ್ಮ ಕಂಪ್ಯೂಟರಿಗೂ ಒಂದು ಥರ್ಮೋಸ್ಟ್ಯಾಟ್ ಇದೆ ಎಂದು ಕಾಣುತ್ತದೆ. ಈ ಸಲ ಕೊಟ್ಟ ಕಾರಣ ಗಡಸು ನೀರು, ಅದು ವಾರಂಟಿಗೆ ಬರುವುದಿಲ್ಲವಂತೆ. ಮುಚ್ಚಳ ತೆಗೆಯದೆ ಒಳಗಿನ ಸುಣ್ಣ ಕಾಣುವ ವಿದ್ಯೆ ನನಗಿದ್ದಿದ್ದರೆ ನಾನೂ ನಿಮ್ಮಲ್ಲೇ ಕೆಲಸಕ್ಕೆ ಸೇರುತ್ತಿದ್ದೆ. ಹೌದು, ನಮ್ಮಲ್ಲಿ ಮಲಪ್ರಭೆಯ ನೀರು ದಿನಾ ಬರುವುದಿಲ್ಲ, ನಡುವೆ ಬೋರ್‌ವೆಲ್ಲೇ ಗತಿ. ಇದು ಮಾರುವಾಗಲೂ ಹೀಗೇ ಇತ್ತು. ಗಡಸು ನೀರಿಗೂ ತಾಳುತ್ತದೆ ಎಂದು ನಿಮ್ಮ ಡಬ್ಬಿಯ ಮೇಲೆ ದೊಡ್ಡ ಅಕ್ಷರದಲ್ಲಿ ಅಚ್ಚಾಗಿದೆ. ಡಬ್ಬಿ ಅಟ್ಟದ ಮೇಲೆ, ಹಂಡೆಯ ಪಕ್ಕದಲ್ಲೇ ಇದೆ. ನಮ್ಮ ಕಾಲದವರು ಡಬ್ಬಿ ಬಿಸಾಡುವುದಿಲ್ಲ.

14ಕ್ಕೆ ಸಂಕ್ರಾಂತಿ. ಎಳ್ಳು ಹಚ್ಚಿಕೊಂಡು ಬಿಸಿನೀರು ಹೊಯ್ದುಕೊಳ್ಳುವ ದಿನ. ಅಷ್ಟರೊಳಗೆ ಯಾರಾದರೂ ಬಂದು ಆ ನಾಲ್ಕು ಸ್ಕ್ರೂ ಬಿಚ್ಚಿದರೆ ಸರಿ. ಬರದಿದ್ದರೆ 15ರಂದು ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡುತ್ತೇನೆ. ಆಮೇಲೆ ಇಲ್ಲೇ ಧಾರವಾಡದ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನಾನಿರುವ ಊರಲ್ಲೇ ದೂರು ಕೊಡಬಹುದು. ಇಷ್ಟು ಸಣ್ಣ ಮೊತ್ತಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ನಿವೃತ್ತಿಯಾಗಿದೆ, ಸಮಯ ಬೇಕಾದಷ್ಟಿದೆ.

ಅದಕ್ಕೂ ಮೊದಲು ಗೀಸರನ್ನು ಕಿತ್ತು ಹುಬ್ಬಳ್ಳಿಯ ನಿಮ್ಮ ಸರ್ವಿಸ್ ಸೆಂಟರಿನ ಬಾಗಿಲಿಗೆ ತರುತ್ತೇನೆ. ಚಿಗರಿ ಬಸ್ಸಿನಲ್ಲಿ ಹತ್ತಿಸದಿದ್ದರೆ ಟಂಟಂ ಮಾಡಿಕೊಂಡು ಬರುತ್ತೇನೆ. ಕುರ್ಚಿ, ಬುತ್ತಿ ಎರಡೂ ನನ್ನವೇ. ಒಳಗೆ ಹೋಗುವ ಪ್ರತಿಯೊಬ್ಬ ಗಿರಾಕಿಗೂ ಡಿಸೆಂಬರ್ 19ರ ಕಥೆಯನ್ನು ಮೊದಲಿನಿಂದ ಹೇಳುತ್ತೇನೆ. ನನ್ನನ್ನು ಎಬ್ಬಿಸಲು ಬಂದವರು ಮೊದಲು ಓಟಿಪಿ ಹೇಳಬೇಕು.

ಇಂತಿ,
ಗೀಸರಿದ್ದೂ ರಾಡಿನಲ್ಲಿ ನೀರು ಕಾಯಿಸುತ್ತಿರುವ
ನಿವೃತ್ತ ವಿಜ್ಞಾನ ಶಿಕ್ಷಕಿ
ಮಾಳಮಡ್ಡಿ, ಧಾರವಾಡ