ಕಾರವಾರದಲ್ಲಿ ಡೈನಿಂಗ್ ಟೇಬಲ್ ಮಾಡಹೊರಟ ಗೆಳೆಯನಿಗೊಂದು ಪತ್ರ

ಗೆಳೆಯಾ,

ನಿನ್ನ ಮೆಸೇಜು ಓದಿದೆ. ಕಾಜುಬಾಗದ ಮನೆಗೆ ಡೈನಿಂಗ್ ಟೇಬಲ್ ಬೇಕು, ಅಂಗಡಿಯದ್ದು ಬೇಡ, ನಾನೇ ಮಾಡುತ್ತೇನೆ ಅಂದಿದ್ದೀಯ. ಮಾಡು ಮಾರಾಯ. ಅಮ್ಮನಿಗೆ ಕೆಳಗೆ ಕೂತರೆ ಏಳಲಿಕ್ಕೆ ಕಷ್ಟ ಎಂದು ಬರೆದಿದ್ದೀಯಲ್ಲ, ನಮ್ಮಲ್ಲಿಗೆ ಟೇಬಲ್ ಬಂದದ್ದೂ ಅದೇ ಕಾರಣಕ್ಕೆ. ಆಯಿಯ ಮೊಣಕಾಲು ನೋವು ಜೋರಾಗುವವರೆಗೆ ಇಲ್ಲಿ ಮಣೆ ಹಾಕಿಕೊಂಡು ಕೂತೇ ಊಟ ಮಾಡುತ್ತಿದ್ದೆವು.

ನೀನು ಕೇಳಿದ್ದು ಅಳತೆ ಮತ್ತು ಮರ. ಎರಡನ್ನೂ ಬರೆಯುತ್ತೇನೆ. ಅದಕ್ಕಿಂತ ಮೊದಲು ಮಳೆಯ ವಿಷಯ. ನೀನು ವಿಡಿಯೋ ನೋಡಿ ಕಲಿಯುತ್ತಿದ್ದೀಯ, ಅವರ ಊರಿನಲ್ಲಿ ನಮ್ಮ ಜೂನ್-ಜುಲೈ ಇರುವುದಿಲ್ಲ. ಮರ ಕಡಿದ ಮೇಲೂ, ಕೊಯ್ದು ಹಲಗೆ ಮಾಡಿದ ಮೇಲೂ ಗಾಳಿಯ ತೇವ ಹೀರುವುದನ್ನು ಬಿಡುವುದಿಲ್ಲ. ಮಳೆಗಾಲದಲ್ಲಿ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಅದೂ ಅಡ್ಡಕ್ಕೆ. ಉದ್ದಕ್ಕೆ ಆಗುವ ವ್ಯತ್ಯಾಸ ಲೆಕ್ಕಕ್ಕಿಲ್ಲ. ಮೂರಡಿ ಅಗಲದ ಟೇಬಲ್ ವರ್ಷದಲ್ಲಿ ಕಾಲು ಇಂಚು ಹಿಂದೆ ಮುಂದೆ ಆಗುವುದು ನಮ್ಮ ಕಡೆ ದೊಡ್ಡ ವಿಷಯವೇನಲ್ಲ. ಮಳೆಗಾಲದಲ್ಲಿ ಬಾಗಿಲು ಹಾಕಲಿಕ್ಕೆ ಬರದೆ ನೀನೇ ಗುದ್ದುತ್ತೀಯಲ್ಲ, ಅಲ್ಲೂ ಆಗುವುದು ಇದೇ. ಈ ಕಾಲು ಇಂಚಿಗೆ ಜಾಗ ಬಿಟ್ಟರೆ ಟೇಬಲ್ ನಿನ್ನ ಮೊಮ್ಮಕ್ಕಳವರೆಗೂ ಬರುತ್ತದೆ. ಬಿಡದಿದ್ದರೆ ಒಂದೋ ಹಲಗೆ ಸೀಳುತ್ತದೆ, ಇಲ್ಲವೇ ಕೂಡಿಸಿದ ಜಾಗ ಬಾಯಿ ಬಿಡುತ್ತದೆ.

ಇನ್ನು ಮರ. ಸಾಗುವಾನಿ ಎಂದು ನಿನ್ನ ಮನಸ್ಸಿನಲ್ಲಿದೆ, ಗೊತ್ತು. ದಾಂಡೇಲಿ ಕಡೆಯ ಸಾಗುವಾನಿಗೆ ಹೆಸರೂ ಇದೆ, ರೇಟೂ ಇದೆ. ನೀರಿಗೆ ಅಂಜುವುದಿಲ್ಲ, ಹೆಚ್ಚು ತಿರುಚುವುದೂ ಇಲ್ಲ. ಆದರೆ ಊಟದ ಟೇಬಲ್ಲಿಗೆ ಅಷ್ಟು ಖರ್ಚು ಬೇಕಾಗಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಮತ್ತಿ ಮರ ಗಟ್ಟಿ, ಆದರೆ ಭಾರ, ಒಣಗುವಾಗ ಸೀಳುವ ಗುಣ ಇದೆ, ಹೊಸ ಕೈಗೆ ಉಳಿಯೂ ಇಳಿಯುವುದಿಲ್ಲ. ನಿಮ್ಮ ಕಡೆ ಗುಡ್ಡದ ತುಂಬಾ ನೆಟ್ಟಿರುವ ಅಕೇಶಿಯಾದಲ್ಲೂ ಒಳ್ಳೆಯ ಟೇಬಲ್ ಆಗುತ್ತದೆ, ಬಣ್ಣ ಚಂದ. ಎಳೆಯ ಮರದ್ದಾದರೆ ಮಾತ್ರ ತಿರುಚಿ ನಿನ್ನ ತಲೆ ಕೆಡಿಸುತ್ತದೆ. ಮರದ ಪುಡಿ ಒತ್ತಿ ಮಾಡಿದ ಎಂಡಿಎಫ್ ಮತ್ತು ಪಾರ್ಟಿಕಲ್ ಬೋರ್ಡಿನ ಸುದ್ದಿಗೇ ಹೋಗಬೇಡ. ಸಮುದ್ರದ ಪಕ್ಕದ ಮನೆಯಲ್ಲಿ ಅಂಚಿಗೆ ನೀರು ಬಿದ್ದರೆ ಉಬ್ಬಿಕೊಂಡೇ ಬಿಡುತ್ತದೆ.

ನಾನು ಹೇಳುವುದು ಹಲಸು. ಹದವಾದ ಗಟ್ಟಿ, ಉಳಿಗೂ ಬಗ್ಗುತ್ತದೆ. ಹೊಸದಾಗಿ ಕೊಯ್ದಾಗ ಅದರ ಹುಡಿ ಅರಿಸಿನದ ಹಾಗೆ ಹಳದಿ. ಬೆಳಕು ತಾಗುತ್ತಾ ಹೋದಂತೆ ಮರ ಕಂದು ಬಣ್ಣಕ್ಕೆ ತಿರುಗುತ್ತದೆ. ವೀಣೆಗೂ ಮೃದಂಗಕ್ಕೂ ಇದೇ ಮರ ಹಿಡಿಯುತ್ತಾರೆ ಅಂದ ಮೇಲೆ ನಮ್ಮ ತಟ್ಟೆ ಇಡಲಿಕ್ಕೆ ಸಾಲದೇ? ಕಾಯಿ ಬಿಡುವ ಹಲಸನ್ನು ಕಡಿಯಲಿಕ್ಕೆ ನಮ್ಮಲ್ಲಿ ಯಾರಿಗೂ ಮನಸ್ಸು ಬರುವುದಿಲ್ಲ. ಗಾಳಿಗೆ ಬಿದ್ದದ್ದೋ, ರಸ್ತೆ ಅಗಲ ಮಾಡುವಾಗ ಹೋದದ್ದೋ ಮಿಲ್ಲಿಗೆ ಬರುತ್ತದೆ. ತೆಗೆದುಕೊಳ್ಳುವಾಗ ಒಳಗಿನ ಚೇಗು ಮಾತ್ರ ನೋಡಿ ತೆಗೆದುಕೋ. ಹೊರಗಿನ ಬಿಳಿ ಭಾಗ ಇದ್ದರೆ ಅದಕ್ಕೆ ಕುಟ್ಟೆ ಹುಳು ಹಿಡಿಯುತ್ತದೆ, ಆಮೇಲೆ ದಿನಾ ಬೆಳಿಗ್ಗೆ ಟೇಬಲ್ ಕೆಳಗೆ ಹಿಟ್ಟು ಗುಡಿಸಬೇಕು.

ಹಸಿ ಮರ ಬೇಡವೇ ಬೇಡ. ಒಂದಿಂಚು ದಪ್ಪದ ಹಲಗೆ ನೆರಳಲ್ಲಿ ಒಣಗಲು ಹೆಚ್ಚುಕಡಿಮೆ ಒಂದು ವರ್ಷ ಎಂದು ಲೆಕ್ಕ. ನಮ್ಮ ಹವೆಯಲ್ಲಿ ಮಳೆಗಾಲ ಅದರೊಳಗೆ ಸುಮ್ನೆ ಹೋಗುತ್ತದೆ. ಅಷ್ಟು ಕಾಯಲಾರೆ ಅಂದರೆ ಹಳೆಯ ಮನೆ ಬಿಚ್ಚಿದ ಮರ ಹುಡುಕುವುದು ಉತ್ತಮ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಹಳೆಯ ಮನೆ ಬಿಚ್ಚಿ ಆರ್‌ಸಿಸಿ ಕಟ್ಟುವವರು ಬೇಕಾದಷ್ಟು ಜನ ಇದ್ದಾರೆ. ಅಟ್ಟದ ಹಲಗೆ, ತೊಲೆ, ಬಾಗಿಲ ಚೌಕಟ್ಟು ಎಲ್ಲಾ ಮಾರುತ್ತಾರೆ. ಎಷ್ಟೋ ವರ್ಷ ಒಲೆಯ ಹೊಗೆ ಕುಡಿದ ಮರ ಅದು. ಇನ್ನೇನು ತಿರುಚುತ್ತದೆ? ನಮ್ಮ ಟೇಬಲ್ ಮಾಡಿದ್ದು ಅಂಥ ಹಲಗೆಯಲ್ಲೇ. ಮಿಲ್ಲಿಗೆ ಕೊಡುವ ಮೊದಲು ಒಳಗೆ ಮುರಿದು ಕೂತ ಮೊಳೆ ಇದೆಯೇ ಎಂದು ಅಯಸ್ಕಾಂತ ಆಡಿಸಿ ನೋಡು. ಪ್ಲೇನರ್ ಬ್ಲೇಡಿಗೆ ಮೊಳೆ ಸಿಕ್ಕರೆ ಮಿಲ್ಲಿನವನು ನಿನ್ನನ್ನು ಮತ್ತೆ ಒಳಗೆ ಸೇರಿಸುವುದಿಲ್ಲ.

ಹೊಸ ಹಲಗೆಯನ್ನೇ ತಂದರೆ ನಡುವೆ ರೀಪು ಕೊಟ್ಟು ಒಂದರ ಮೇಲೊಂದು ಪೇರಿಸು. ಮೇಲೆ ಕಲ್ಲು ಹೇರು. ತುದಿಗಳಿಗೆ ಪೇಂಟ್ ಬಳಿ, ಮರ ತುದಿಯಿಂದಲೇ ಬೇಗ ಒಣಗಿ ಸೀಳುವುದು. ಒಣಗಿದೆಯೋ ಇಲ್ಲವೋ ತಿಳಿಯಲು ಮೀಟರ್ ಬೇಕೆಂದೇನಿಲ್ಲ. ಹಲಗೆಯದ್ದೇ ಒಂದು ತುಂಡನ್ನು, ಅದರ ತುದಿಗಳಿಗೂ ಪೇಂಟ್ ಬಳಿದು, ಅಡುಗೆಮನೆಯ ತಕ್ಕಡಿಯಲ್ಲಿ ವಾರ ವಾರ ತೂಗು. ತೂಕ ಇಳಿಯುವುದು ನಿಂತರೆ ಸರಿ. ಹಲಗೆ ಇಲ್ಲಿಂದ ಒಯ್ದರೂ ತಕ್ಷಣ ಕೆಲಸಕ್ಕೆ ಹಿಡಿಯಬೇಡ. ಶಿರಸಿ ಘಟ್ಟದ ಮೇಲಿನ ಊರು, ನಿನ್ನದು ಕಡಲ ಅಂಚು. ಕೆಲವು ವಾರ ಅದು ನಿನ್ನ ಮನೆಯ ಗಾಳಿಗೇ ಒಗ್ಗಿಕೊಳ್ಳಲಿ.

ಅಳತೆ ಹೇಳುತ್ತೇನೆ, ಬರೆದುಕೋ. ಎತ್ತರ 30 ಇಂಚು. ಕುರ್ಚಿಯ ಆಸನ 18 ಇಂಚು. ನಡುವೆ ಒಂದಡಿ ಉಳಿಯುತ್ತದೆ, ಉಣ್ಣಲಿಕ್ಕೆ ಅದೇ ಹದ. ಅಮ್ಮ ಗಿಡ್ಡ ಇದ್ದಾರಲ್ಲ, ಕುರ್ಚಿಯನ್ನು 17ಕ್ಕೆ ಇಳಿಸಿದರೆ ಟೇಬಲ್ಲನ್ನೂ 29ಕ್ಕೆ ಇಳಿಸು. ಒಬ್ಬರಿಗೆ ಎರಡಡಿ ಜಾಗ ಬೇಕು. ಆರು ಜನಕ್ಕೆ ಐದಡಿ ಉದ್ದ, ಮೂರಡಿ ಅಗಲ ಸಾಕು, ಉದ್ದದ ಬದಿಗೆ ಇಬ್ಬಿಬ್ಬರು, ತುದಿಗೆ ಒಬ್ಬೊಬ್ಬರು. ಎರಡೂವರೆ ಅಡಿ ಅಗಲ ಸಾಲದೇ ಎಂದು ಕೇಳಿದ್ದೀಯ. ತಟ್ಟೆಗೆ ಸಾಕು. ಚೌತಿ ಹಬ್ಬಕ್ಕೆ ಎದುರುಬದುರು ಬಾಳೆ ಎಲೆ ಹಾಕಿದರೆ ನಡುವೆ ಅನ್ನದ ಪಾತ್ರೆ ಇಡಲು ಜಾಗವಿಲ್ಲ. ಮೂರಡಿಯೇ ಇರಲಿ.

ಮೇಲಿನ ಹಲಗೆ ಒಂದಿಂಚು ದಪ್ಪ. ಕಾಲು ಎರಡೂವರೆ ಇಂಚು ಚೌಕ. ಕಾಲುಗಳನ್ನು ಸುತ್ತಲೂ ಕೂಡಿಸುವ ಪಟ್ಟಿ ನಾಲ್ಕಿಂಚು ಅಗಲ, ಒಂದಿಂಚು ದಪ್ಪ. ಪಟ್ಟಿ ಅದಕ್ಕಿಂತ ಅಗಲವಾದರೆ ತೊಡೆಗೆ ತಾಗುತ್ತದೆ. ಮರದ ಲೆಕ್ಕ ಹೀಗೆ: ಮೇಲ್ಭಾಗಕ್ಕೆ ಒಂದೂಕಾಲು ಘನ ಅಡಿ, ಕಾಲು ಮತ್ತು ಪಟ್ಟಿ ಸೇರಿ ಮುಕ್ಕಾಲು ಚಿಲ್ಲರೆ. ಎರಡು ಘನ ಅಡಿಯ ಟೇಬಲ್ಲಿಗೆ ಮೂರರ ಹತ್ತಿರ ಕೊಳ್ಳಬೇಕು. ಗರಗಸದ ಬಾಯಿಗೆ, ಉಜ್ಜುವುದಕ್ಕೆ, ಗಂಟು-ಬಿರುಕು ತೆಗೆಯುವುದಕ್ಕೆ ಅಷ್ಟು ಹೋಗುತ್ತದೆ. ಮಿಲ್ಲಿನ ಬಿಲ್ಲು ಗಾಡಿಯಲ್ಲೇ ಇರಲಿ, ದೇವಿಮನೆ ಘಟ್ಟ ಇಳಿಯುವಾಗ ಯಾರಾದರೂ ಕೇಳಿದರೆ ತೋರಿಸಬಹುದು.

ಮೇಲ್ಭಾಗಕ್ಕೆ ಒಂದೇ ದೊಡ್ಡ ಹಲಗೆ ಹುಡುಕಬೇಡ. ಐದಾರು ಇಂಚು ಅಗಲದವನ್ನು ಕೂಡಿಸಿದರೆ ಕಡಿಮೆ ಬಾಗುತ್ತದೆ. ಎರಡು ಹಲಗೆಯ ಅಂಚನ್ನು ಸೇರಿಸಿ ಕಿಟಕಿಗೆ ಹಿಡಿ. ನಡುವೆ ಬೆಳಕು ಕಂಡರೆ ಉಜ್ಜುಗೊರಡು ಇನ್ನೊಮ್ಮೆ ಆಡಲಿ. ಅಂಟು ತುಂಬುತ್ತದೆ ಎಂದು ಬಿಡಬೇಡ, ಫೆವಿಕಾಲ್ ಹಿಡಿಯುವುದು ಮರಕ್ಕೆ ಮರ ತಾಗಿದಲ್ಲಿ ಮಾತ್ರ. ನಿಮ್ಮ ಹವೆಗೆ ನೀರಿಗೆ ಬಿಡದ ಮರೀನ್ ಅಂಟನ್ನೇ ತಾ. ಉದ್ದದ ಕ್ಲಾಂಪ್ ಇಲ್ಲವೆಂದು ಕೊಳ್ಳಲು ಹೋಗಬೇಡ. ದಪ್ಪ ಹಲಗೆಯೊಂದರ ಮೇಲೆ ಎರಡು ಕಡೆ ಅಡ್ಡಪಟ್ಟಿ ಬಡಿದು, ನಡುವೆ ಹಲಗೆಗಳನ್ನಿಟ್ಟು, ಒಂದು ಬದಿಗೆ ಜೋಡಿ ಬೆಣೆ ಹೊಡೆದರೆ ಅಷ್ಟೇ ಬಿಗಿ ಬರುತ್ತದೆ. ನಮ್ಮ ಕಡೆಯ ಆಚಾರಿಗಳು ಕ್ಲಾಂಪ್ ನೋಡುವ ಮೊದಲೂ ಬಾಗಿಲು ಮಾಡುತ್ತಿದ್ದರಲ್ಲ.

ಕಾಲಿಗೂ ಪಟ್ಟಿಗೂ ಸ್ಕ್ರೂ ಹೊಡೆದು ಮುಗಿಸುವ ಯೋಚನೆ ಬಿಡು. ಟೇಬಲ್ಲಿನ ಜೀವ ಇರುವುದೇ ಅಲ್ಲಿ. ಕಾಲಿನಲ್ಲಿ ಉದ್ದ ತೂತು ತೆಗೆ, ಪಟ್ಟಿಯ ತುದಿಯಲ್ಲಿ ಅದಕ್ಕೆ ಸರಿಯಾಗಿ ಕೂರುವ ನಾಲಿಗೆ ಬಿಡು. ನಾಲಿಗೆಯ ದಪ್ಪ ಪಟ್ಟಿಯ ದಪ್ಪದ ಮೂರನೇ ಒಂದು ಪಾಲು, ಉದ್ದ ಒಂದೂವರೆ ಇಂಚು. ಮೊದಲು ತೂತು, ಆಮೇಲೆ ನಾಲಿಗೆ. ನಾಲಿಗೆಯನ್ನು ಕೆರೆದು ಸಣ್ಣ ಮಾಡಬಹುದು, ತೂತನ್ನು ಸಣ್ಣ ಮಾಡಲಾಗದು. ಕಾಲಿನ ಒಳಗೆ ಎರಡು ನಾಲಿಗೆ ಒಂದಕ್ಕೊಂದು ತಾಗಿದರೆ ತುದಿಯನ್ನು ಓರೆಗೆ ಕತ್ತರಿಸು. ಕೈಯಲ್ಲಿ ಒತ್ತಿದರೆ ಹೋಗಬೇಕು, ತಲೆಕೆಳಗೆ ಹಿಡಿದರೆ ಬೀಳಬಾರದು, ಅಷ್ಟು ಬಿಗಿ ಇರಲಿ. ಮೂಲೆ ಚೌಕ ಇದೆಯೇ ಎಂದು ನೋಡುವ ಮೂಲೆಮಟ್ಟ ಸದಾ ಕೈಯಲ್ಲಿರಲಿ. ನಮ್ಮ ಶಿರಸಿಯ ಮಾರಿಕಾಂಬೆಯೇ ಮರದ ಮೂರ್ತಿ. ಗಂಧದ ಮರದಲ್ಲಿ ಎಳೆ ಎಳೆ ಬಿಡಿಸುವ ಗುಡಿಗಾರರ ಊರು ಇದು. ಇಲ್ಲಿ ಕೂತು ನಾಲ್ಕು ಕಾಲು ಚೌಕ ಮಾಡುವುದನ್ನು ದೊಡ್ಡ ವಿದ್ಯೆ ಎಂದು ಬರೆಯಲು ನಾಚಿಕೆ ಆಗುತ್ತದೆ. ಆದರೂ ಅದು ಸುಲಭ ಅಲ್ಲ.

ಈಗ ಆ ಕಾಲು ಇಂಚಿನ ಲೆಕ್ಕಕ್ಕೆ ಬಂದೆ. ಮೇಲ್ಭಾಗವನ್ನು ಪಟ್ಟಿಗೆ ಅಂಟಿಸಲೇಬಾರದು, ಮೊಳೆಯನ್ನೂ ಹೊಡೆಯಬಾರದು. ಪಟ್ಟಿಯ ಒಳಮೈಗೆ ಸಣ್ಣ ಕಾಲುವೆ ತೆಗೆ. ಅದರಲ್ಲಿ ಮೂತಿ ಸಿಕ್ಕಿಸಿ ಕೂರುವಂಥ ಮರದ ತುಂಡುಗಳನ್ನು ಮಾಡಿ, ತುಂಡುಗಳನ್ನು ಮೇಲಿನ ಹಲಗೆಯ ಅಡಿಗೆ ಸ್ಕ್ರೂ ಮಾಡು. ಹಲಗೆ ಹಿಗ್ಗಿದಾಗ ತುಂಡು ಕಾಲುವೆಯಲ್ಲಿ ಜಾರುತ್ತದೆ, ಏನೂ ಒಡೆಯುವುದಿಲ್ಲ. ಇಷ್ಟು ಪುರಸೊತ್ತು ಇಲ್ಲದಿದ್ದರೆ ಉದ್ದ ತೂತಿನ, ಎಲ್ ಆಕಾರದ ಲೋಹದ ಪಟ್ಟಿ ಸಿಗುತ್ತದೆ, ಆ ತೂತು ಹಲಗೆಯ ಅಗಲದ ದಿಕ್ಕಿಗೆ ಇರುವ ಹಾಗೆ ಕೂರಿಸು. ಇನ್ನೊಂದು. ಮೇಲ್ಭಾಗದ ನಾಲ್ಕೂ ಕಡೆ ಚಂದಕ್ಕೆ ಎಂದು ಚೌಕಟ್ಟು ಕಟ್ಟಿ ಮೂಲೆ ಕೂಡಿಸುತ್ತಾರೆ, ನೀನೂ ಫೋಟೋ ಕಳಿಸಿದ್ದೀಯ. ಅಡ್ಡ ಹಾಕಿದ ಪಟ್ಟಿಯ ಉದ್ದ ಬದಲಾಗುವುದಿಲ್ಲ, ನಡುವಿನ ಹಲಗೆಯ ಅಗಲ ಬದಲಾಗುತ್ತದೆ. ಒಂದೇ ಮಳೆಗಾಲಕ್ಕೆ ಮೂಲೆ ಬಿಟ್ಟುಕೊಳ್ಳುತ್ತದೆ. ಬೇಡ.

ಸ್ಕ್ರೂ ಸ್ಟೇನ್‌ಲೆಸ್ ಸ್ಟೀಲಿನದ್ದು ಅಥವಾ ಹಿತ್ತಾಳೆಯದ್ದು. ಉಪ್ಪುಗಾಳಿಗೆ ಕಬ್ಬಿಣ ಏನಾಗುತ್ತದೆ ಎಂದು ಕಾರವಾರದವನಿಗೆ ನಾನು ಹೇಳಬೇಕೇ?

ಉಜ್ಜಲು ಪಾಲಿಶ್ ಪೇಪರ್ 80, 120, 220 ನಂಬರಿನವು ಈ ಕ್ರಮದಲ್ಲಿ, ಯಾವಾಗಲೂ ಎಳೆಯ ಉದ್ದಕ್ಕೆ. ಬೇಜಾರಿನ ಕೆಲಸ, ರೇಡಿಯೋ ಹಾಕಿಕೋ.

ಬಳಿಯುವುದರ ಬಗ್ಗೆ ನನ್ನ ಮತ್ತು ನಿನ್ನ ಮನೆಯ ಉತ್ತರ ಬೇರೆ ಬೇರೆ. ನಮ್ಮಲ್ಲಿ ಬಾಯ್ಲ್ಡ್ ಅಗಸೆ ಎಣ್ಣೆ ಹಚ್ಚಿ, ಪೂರ್ತಿ ಒಣಗಿದ ಮೇಲೆ ಜೇನುಮೇಣ ತಿಕ್ಕಿದ್ದೇವೆ. ಮೇಣ ಇಲ್ಲಿ ಜೇನು ಸಾಕುವವರ ಹತ್ತಿರ ಸಿಗುತ್ತದೆ. ಕೈಗೆ ಹಿತ, ಗೀರು ಬಿದ್ದರೆ ಮತ್ತೆ ಅಷ್ಟಕ್ಕೇ ಹಚ್ಚಿದರಾಯಿತು. ನಿಮ್ಮಲ್ಲಿ ಬಾಂಗಡೆ ಸಾರು ದಿನನಿತ್ಯದ್ದು. ಎಣ್ಣೆ ಹಚ್ಚಿದ ಮರದೊಳಗೆ ಸಾರಿನ ಅರಿಸಿನ ಇಳಿದರೆ ಬೇಗ ಹೋಗುವುದಿಲ್ಲ. ನೀನು ಪಿಯು (ಪಾಲಿಯುರೆಥೇನ್) ಪಾಲಿಶ್ ಹೊಡೆಸುವುದೇ ಒಳ್ಳೆಯದು. ಹೊಳೆಯುವುದು ಬೇಡ, ಮ್ಯಾಟ್ ತೆಗೆದುಕೋ. ಯಾವುದೇ ಆದರೂ ಡಿಸೆಂಬರಿನಿಂದ ಮಾರ್ಚ್ ಒಳಗೆ ಮುಗಿಸು, ಮಳೆಯ ತೇವದಲ್ಲಿ ಪಾಲಿಶ್ ಮಾಡಿದರೆ ಕೆಲವು ಬಗೆಯವು ಬೆಳ್ಳಗಾಗುತ್ತವೆ. ಅಡಿಭಾಗಕ್ಕೂ ಮೇಲಿನಷ್ಟೇ ಬಳಿಯಬೇಕು. ಒಂದೇ ಬದಿಗೆ ಬಳಿದರೆ ಇನ್ನೊಂದು ಬದಿ ತೇವ ಕುಡಿದು ಹಲಗೆ ಬಾಗುತ್ತದೆ. ತೆಂಗಿನೆಣ್ಣೆ ಹಚ್ಚಿದರಾಯಿತಲ್ಲ ಎಂದು ಅಮ್ಮ ಹೇಳುತ್ತಾರೆ, ನೋಡುತ್ತಿರು. ಅದು ಒಣಗುವುದೇ ಇಲ್ಲ, ಬರಬರುತ್ತಾ ಕಮಟು ವಾಸನೆ. ಗೇರು ಎಣ್ಣೆ ಗೆದ್ದಲಿಗೆ ಒಳ್ಳೆಯದೆಂದು ಮಾಡಿನ ಪಕಾಸಿಗೆ ಬಳಿಯುತ್ತಾರಲ್ಲ, ಅದು ಚರ್ಮ ಸುಡುತ್ತದೆ, ಊಟದ ಟೇಬಲ್ಲಿಗೆ ತರಬಾರದು.

ಅಗಸೆ ಎಣ್ಣೆಯನ್ನೇ ಆರಿಸಿದರೆ ಇದನ್ನು ಮರೆಯಬೇಡ: ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು. ಆ ಎಣ್ಣೆ ಒಣಗುವಾಗ ಶಾಖ ಹುಟ್ಟಿ ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳಬಹುದು. ಹೊರಗೆ ಬಿಡಿಸಿ ಹರವಿ ಒಣಗಿಸು, ಇಲ್ಲವೇ ನೀರಿನಲ್ಲಿ ನೆನೆಸಿಡು.

ಟೇಬಲ್ ಆದ ಮೇಲೆ ಅಲ್ಲಾಡುತ್ತದೆ. ನೂರಕ್ಕೆ ತೊಂಬತ್ತು ಸಲ ತಪ್ಪು ನೆಲದ್ದು, ನಮ್ಮ ಹಳೆಯ ಮನೆಗಳಲ್ಲಿ ನೀರು ಹೋಗಲೆಂದು ನೆಲಕ್ಕೆ ಇಳಿಜಾರು ಕೊಟ್ಟಿರುತ್ತಾರೆ. ಎಲೆಯ ಮೇಲಿನ ತಂಬುಳಿ ಮಡಿಲಿಗೆ ಓಡಿ ಬಂದಾಗ ಅದು ಗೊತ್ತಾಗುತ್ತದೆ. ಟೇಬಲ್ ಇಡುವ ಜಾಗದಲ್ಲೇ ಕಾಲಿನ ಕೆಳಗೆ ತುಂಡು ಕೊಟ್ಟು ಮೇಲ್ಭಾಗ ಮಟ್ಟ ಮಾಡು. ಆಮೇಲೆ ಒಂದೇ ದಪ್ಪದ ಮರದ ಚೂರನ್ನು ನೆಲದ ಮೇಲಿಟ್ಟು, ಅದರ ಮೇಲೆ ಪೆನ್ಸಿಲ್ ಮಲಗಿಸಿ ನಾಲ್ಕೂ ಕಾಲಿಗೆ ಸುತ್ತ ಗೆರೆ ಎಳೆದು ಕತ್ತರಿಸು. ಇದಕ್ಕಾಗಿ ಕಾಲನ್ನು ಮೊದಲೇ ಒಂದಿಂಚು ಉದ್ದ ಬಿಟ್ಟಿರಬೇಕು. ಕತ್ತರಿಸಿದ ತುದಿಗೆ ಮೂರು ನಾಲ್ಕು ಸಲ ಪಾಲಿಶ್ ಕುಡಿಸಿ ರಬ್ಬರ್ ಬುಷ್ ಹಾಕು. ನೆಲ ಒರೆಸುವ ನೀರು ಕಾಲಿಗೆ ಏರುವುದು ಅಲ್ಲಿಂದಲೇ.

ದೀಪಾವಳಿ ಕಳೆದ ಮೇಲೆ ಭಾನುವಾರವೊಂದನ್ನು ಬಿಟ್ಟು ಬೇರೆ ಯಾವ ದಿನವಾದರೂ ಬಾ, ಭಾನುವಾರ ಮಿಲ್ಲು ಇರುವುದಿಲ್ಲ. ಸಿದ್ದಾಪುರದ ಕಡೆ ಒಂದು ಮನೆ ಬಿಚ್ಚುತ್ತಾರಂತೆ, ಹಲಸಿನ ಅಟ್ಟ ಇದೆ ಎಂದು ಕೇಳಿದ್ದೇನೆ, ಮೊದಲೇ ಹೇಳಿಡುತ್ತೇನೆ. ಊಟ ನಮ್ಮಲ್ಲೇ. ಮೀನು ಸಿಗುವುದಿಲ್ಲ, ಅಪ್ಪೆಹುಳಿ ಬೇಕಾದಷ್ಟು ಕುಡಿ. ಹೊರಡುವ ಮೊದಲು ಊಟದ ಕೋಣೆಯ ಬಾಗಿಲಿನ ಅಗಲ ಅಳೆದುಕೊಂಡು ಬಾ. ಎರಡೂವರೆ ಅಡಿಗಿಂತ ಕಡಿಮೆ ಇದ್ದರೆ ಕಾಲುಗಳನ್ನು ಬೋಲ್ಟಿನಲ್ಲಿ ಬಿಚ್ಚಿ ಕೂಡಿಸುವ ಹಾಗೆ ಮಾಡಬೇಕಾಗುತ್ತದೆ, ಆಗ ಮೇಲೆ ಬರೆದ ಕೂಡಿಕೆಯ ಲೆಕ್ಕ ಬದಲಾಗುತ್ತದೆ.

ಅಮ್ಮನಿಗೆ ನಮಸ್ಕಾರ ಹೇಳು.

ನಿನ್ನ ಗೆಳೆಯ,
ಶಿರಸಿ